ನೀರಿನ ಜಾಡು ಹಿಡಿದು ಆಂಡಲೂಸಿಯಾ

ಸ್ಪೇನ್‌ನ ದಕ್ಷಿಣ ಅಂಚಿನ ಆಂಡಲೂಸಿಯಾದಲ್ಲಿ ಮೆಡಿಟರೇನಿಯನ್ ಕಡಲಿನಿಂದ ಮುಲಾಸೆನ್ ಶಿಖರಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ 40 ಕಿಲೊಮೀಟರ್ ಕೂಡ ಆಗುವುದಿಲ್ಲ. ಆ ಶಿಖರದ ಎತ್ತರ 3,479 ಮೀಟರ್. ಐಬೀರಿಯನ್ ಪರ್ಯಾಯ ದ್ವೀಪದಲ್ಲಿ ಅದಕ್ಕಿಂತ ಎತ್ತರದ ನೆಲ ಇಲ್ಲ. ಕೆಳಗೆ ದಂಡೆಯಲ್ಲಿ ಮಾವು, ಬೆಣ್ಣೆಹಣ್ಣಿನ ತೋಟಗಳು. ಮೇಲೆ ಬೇಸಿಗೆ ಹತ್ತಿರವಾದರೂ ಕರಗದ ಹಿಮ. ಬೆಳಿಗ್ಗೆ ಅಲೆಗಳಲ್ಲಿ ಕಾಲಾಡಿಸಿದವರು ಸಂಜೆಗೆ ಸ್ವೆಟರ್ ಹುಡುಕಬೇಕಾಗುತ್ತದೆ. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಇಷ್ಟು ಬಗೆಯ ನೆಲ ಸಿಗುವ ಕಡೆಗಳು ಯುರೋಪಿನಲ್ಲಿ ವಿರಳ.

2011ರಲ್ಲಿ ‘ಜಿಂದಗಿ ನಾ ಮಿಲೇಗಿ ದೊಬಾರಾ’ ಬಂದ ಮೇಲೆ ಸ್ಪೇನ್‌ನಲ್ಲಿ ಕಾರು ಓಡಿಸಬೇಕೆನ್ನುವ ಆಸೆ ನಮ್ಮಲ್ಲಿ ಅನೇಕರಿಗೆ ಹುಟ್ಟಿತು. ಆದರೂ ಹೆಚ್ಚಿನವರು ಬಾರ್ಸಿಲೋನಾ, ಮ್ಯಾಡ್ರಿಡ್ ನೋಡಿ, ಒಂದು ಬೀಚಿನಲ್ಲಿ ತಂಗಿ ವಾಪಸಾಗುತ್ತಾರೆ. ಮಂಡ್ಯದ ಒಂದು ಜೋಡಿ ಬೇರೆ ದಾರಿ ಆರಿಸಿಕೊಂಡಿತು. ಗಂಡ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಹೆಂಡತಿಯ ತವರು ಸಾಗರದ ಕಡೆ. ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿದವರು. ಮಾಲಗಾ ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಪಡೆದ ಸಣ್ಣ ಕಾರಿನ ಸ್ಟಿಯರಿಂಗ್ ಹಿಡಿದವರು ಆಕೆ, ನಕ್ಷೆ ಹಿಡಿದವರು ಆತ. ಮಾಲಗಾದಿಂದ ಕರಾವಳಿಗುಂಟ ಪೂರ್ವಕ್ಕೆ ಹೋಗಿ, ಬೆಟ್ಟ ಹತ್ತಿ, ಗ್ರನಾಡಾ ದಾಟಿ, ಮರುಭೂಮಿಯಲ್ಲಿ ಇಳಿದು, ಅಲ್ಮೆರಿಯಾದಿಂದ ಮತ್ತೆ ಕಡಲಂಚಿನಲ್ಲೇ ಮಾಲಗಾಕ್ಕೆ ಮರಳುವುದು ಅವರ ಯೋಜನೆ. ಈ ಸುತ್ತು ಹಾಕುವವರಿಗೆ ಒಂದು ಸಂಗತಿ ತಾನಾಗಿ ಕಾಣುತ್ತದೆ: ಇಲ್ಲಿನ ಕರಾವಳಿ ಬದುಕಿರುವುದು ಒಳನಾಡಿನ ಬೆಟ್ಟಗಳ ನೀರಿನಿಂದ.

ಕಬ್ಬು ಬೆಳೆದ ದಂಡೆ

ಮಾಲಗಾದಿಂದ ನೆರ್ಹಾ ಊರಿಗೆ ಸುಮಾರು 55 ಕಿ.ಮೀ. ಎ-7 ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಸಾಕು. ಅದರ ಕೆಳಗೆ, ಕಡಲಿಗೆ ಅಂಟಿಕೊಂಡು ಎನ್-340 ಎಂಬ ಹಳೆಯ ರಸ್ತೆ ಇದೆ. ಕಾದಿಸ್‌ನಿಂದ ಬಾರ್ಸಿಲೋನಾವರೆಗೆ ಸ್ಪೇನ್‌ನ ಇಡೀ ಅಂಚನ್ನು ಹೊಲಿದ ರಸ್ತೆ. ಗ್ರನಾಡಾ ಪ್ರಾಂತ್ಯದ ಕರಾವಳಿಯಲ್ಲಿ ಹೊಸ ಹೆದ್ದಾರಿಯ ಕೊನೆಯ ತುಂಡು ಪೂರ್ತಿಯಾದದ್ದು 2015ರಲ್ಲಿ. ಅಲ್ಲಿಯವರೆಗೆ ಲಾರಿ, ಬಸ್ಸು, ಪ್ರವಾಸಿಗರ ಕಾರು ಎಲ್ಲವೂ ಈ ಹಳೆಯ ರಸ್ತೆಯ ತಿರುವುಗಳಲ್ಲೇ ತೆವಳಬೇಕಿತ್ತು. ಈಗ ಅದು ಖಾಲಿ ಖಾಲಿ. ನಿಧಾನ ಹೋಗುವವರಿಗೆ ಅದೇ ಒಳ್ಳೆಯದು.

ನೆರ್ಹಾದಲ್ಲಿ ಎಲ್ಲರೂ ಹೋಗಿ ನಿಲ್ಲುವ ಜಾಗ ‘ಯುರೋಪಿನ ಬಾಲ್ಕನಿ’. ಕಡಲಿನೊಳಕ್ಕೆ ಚಾಚಿದ ಬಂಡೆಯ ಮೇಲಿನ ಕಟ್ಟೆ ಅದು. 1884ರ ಕ್ರಿಸ್‌ಮಸ್ ದಿನ ಈ ಸೀಮೆಯಲ್ಲಿ ದೊಡ್ಡ ಭೂಕಂಪವಾಗಿ ನೂರಾರು ಜನ ಸತ್ತರು. ಮರು ತಿಂಗಳು ಸಂತ್ರಸ್ತರನ್ನು ನೋಡಲು ಬಂದ ದೊರೆ ಹನ್ನೆರಡನೇ ಅಲ್ಫೊನ್ಸೊ ಇಲ್ಲಿ ನಿಂತು ಆ ಹೆಸರಿಟ್ಟ ಎನ್ನುವುದು ಊರವರ ಮಾತು. ಊರಾಚೆಯ ನೆರ್ಹಾ ಗುಹೆಯನ್ನು 1959ರ ಜನವರಿಯಲ್ಲಿ ಕಂಡುಹಿಡಿದವರು ಬಾವಲಿ ಹಿಡಿಯಲು ಹೊರಟಿದ್ದ ಐವರು ಹುಡುಗರು. ಸುಣ್ಣದ ನೀರು ಹನಿ ಹನಿಯಾಗಿ ಕಟ್ಟಿದ 32 ಮೀಟರ್ ಎತ್ತರದ ಕಂಬ ಅದರೊಳಗಿದೆ.

ಆದರೆ ಎಂಜಿನಿಯರ್ ಸಾಹೇಬರು ಕಾರು ನಿಲ್ಲಿಸಿ ಅಂದದ್ದು ಬೇರೆ ಕಡೆ. ನೆರ್ಹಾದಿಂದ ಮಾರೊ ಹಳ್ಳಿಗೆ ಹೋಗುವ ದಾರಿಯ ಕಣಿವೆಯಲ್ಲಿ ನಾಲ್ಕು ಅಂತಸ್ತಿನ, 37 ಕಮಾನುಗಳ ಮೇಲ್ಗಾಲುವೆ ನಿಂತಿದೆ. ನೋಡಿದರೆ ರೋಮನ್ನರ ಕಾಲದ್ದು ಅನ್ನಿಸುತ್ತದೆ. ಕಟ್ಟಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಮಾರೊದ ಸಕ್ಕರೆ ಕಾರ್ಖಾನೆಗೆ ನೀರು ಒಯ್ಯಲು. ಕಾರ್ಖಾನೆ ಪಾಳು ಬಿದ್ದಿದೆ; ಕಾಲುವೆಯಲ್ಲಿ ತೋಟಗಳಿಗೆ ಇಂದಿಗೂ ನೀರು ಹರಿಯುತ್ತದೆ.

ಇದು ಕಬ್ಬಿನ ಸೀಮೆಯಾಗಿತ್ತು ಎಂದರೆ ಇವತ್ತಿನ ಪ್ರವಾಸಿಗ ನಂಬುವುದು ಕಷ್ಟ. ಕಬ್ಬಿನ ಹಾಲು ಕಾಯಿಸಿ ಹರಳು ಮಾಡುವ ವಿದ್ಯೆ ಭಾರತದಲ್ಲಿ ಬೆಳೆದು, ಪರ್ಷಿಯಾ ದಾಟಿ, ಅರಬರ ಕೈ ಹಿಡಿದು ಇಲ್ಲಿಗೆ ಬಂತು. ಹತ್ತನೇ ಶತಮಾನದ ಹೊತ್ತಿಗೆ ಈ ದಂಡೆಯಲ್ಲಿ ಕಬ್ಬು ನಾಟಿಯಾಗುತ್ತಿತ್ತು. ಬದನೆ, ಭತ್ತ, ಹುಳಿಕಿತ್ತಳೆ ಸಹ ಅದೇ ದಾರಿಯಲ್ಲಿ ಬಂದವು. ಸಾವಿರ ವರ್ಷ ನಡೆದ ಕಬ್ಬಿನ ಕಥೆ ಮುಗಿದದ್ದು ಈಚೆಗೆ: ಸಲೊಬ್ರೆನ್ಯಾ ಊರಿನ ಕೊನೆಯ ಸಕ್ಕರೆ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು. ಮೂಲ ನೆಲದಲ್ಲಿ ಇಂದಿಗೂ ಆಲೆಮನೆಯ ಹೊಗೆ ಕಾಣುವ ಮಂಡ್ಯದವರಿಗೆ ಇದು ಬರಿಯ ಚರಿತ್ರೆಯ ಸಾಲಾಗಿ ಕಾಣಲಿಲ್ಲ.

ನೆರ್ಹಾದಿಂದ ಆರು ಕಿಲೊಮೀಟರ್ ಮೇಲಕ್ಕೆ ಫ್ರಿಹಿಲಿಯಾನಾ. ಬೆಟ್ಟದ ಕೊರಳಿಗೆ ಅಂಟಿಕೊಂಡ ಸುಣ್ಣದ ಮನೆಗಳು, ಎದುರುಬದುರು ಇಬ್ಬರು ಬಂದರೆ ಒಬ್ಬರು ಸರಿದು ನಿಲ್ಲಬೇಕಾದ ಓಣಿಗಳು, ಬೆಣಚುಕಲ್ಲು ಹಾಸಿದ ಮೆಟ್ಟಿಲುಗಳು. 1569ರಲ್ಲಿ ಇಲ್ಲಿ ದೊಡ್ಡ ಕಾಳಗವಾಯಿತು. ಬಲವಂತವಾಗಿ ಕ್ರೈಸ್ತ ಮತಕ್ಕೆ ಸೇರಿಸಲಾಗಿದ್ದ ಮುಸ್ಲಿಮರು, ಅಂದರೆ ಮೊರಿಸ್ಕೊಗಳು, ತಮ್ಮ ಮಾತು, ಉಡುಪು, ಆಚರಣೆಗಳ ಮೇಲೆ ದೊರೆ ಎರಡನೇ ಫಿಲಿಪ್ ಹೇರಿದ ನಿಷೇಧದ ವಿರುದ್ಧ ದಂಗೆಯೆದ್ದಿದ್ದರು. ಅವರು ಸೋತರು. ಆ ಯುದ್ಧದ ಕಥೆಯನ್ನು ಗೋಡೆ ಗೋಡೆಗೂ ಹಚ್ಚಿದ ಬಣ್ಣದ ಹೆಂಚಿನ ಫಲಕಗಳು ಹೇಳುತ್ತವೆ. ಗೆದ್ದವರ ಊರಿನಲ್ಲಿ ಸೋತವರ ಕಥೆಯನ್ನು ಇಷ್ಟು ಗೌರವದಿಂದ ಬರೆದಿರುವುದು ದೊಡ್ಡ ಮಾತು.

ಊರ ಬಾಗಿಲಲ್ಲೇ ಹದಿನಾರನೇ ಶತಮಾನದ ಒಂದು ದೊಡ್ಡ ಕಟ್ಟಡ. ಅದರೊಳಗಿನ ಕಾರ್ಖಾನೆಯಲ್ಲಿ ಇಂದಿಗೂ ಕಬ್ಬಿನ ಪಾಕ ತಯಾರಾಗುತ್ತದೆ. ಯುರೋಪಿನಲ್ಲಿ ಉಳಿದಿರುವುದು ಇದೊಂದೇ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಚೌಕದ ಹೋಟೆಲಿನಲ್ಲಿ ಬದನೆಕಾಯಿಯ ಬಿಲ್ಲೆಗಳನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ ಕಪ್ಪನೆಯ ಪಾಕ ಸುರಿದು ಕೊಡುತ್ತಾರೆ. ಸಾಗರದ ಮಗಳು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡವರೇ, “ರೀ, ಇದು ನಮ್ಮ ಜೋನಿ ಬೆಲ್ಲನೇ ಕಣ್ರೀ!” ಅಂದರು. ಬದನೆಯೂ ಬೆಲ್ಲವೂ ಒಂದೇ ದಿಕ್ಕಿನಿಂದ ಹೊರಟು ಒಂದೇ ತಟ್ಟೆಗೆ ಬಂದು ಬಿದ್ದಿವೆ.

ಕಬ್ಬು ಹೋದ ನೆಲಕ್ಕೆ ಈಗ ಬೆಣ್ಣೆಹಣ್ಣು, ಮಾವು, ಸೀತಾಫಲದ ಬಂಧುವಾದ ಚಿರಿಮೋಯಾ ಬಂದಿವೆ. ನೆರ್ಹಾದಿಂದ ಮೊತ್ರಿಲ್‌ವರೆಗೆ ಗುಡ್ಡಗಳನ್ನು ಮೆಟ್ಟಿಲಾಗಿ ಕಡಿದು ತೋಟ ಮಾಡಿದ್ದಾರೆ. ಬೆಣ್ಣೆಹಣ್ಣಿಗೆ ಬೆಲೆಯಿದೆ, ಬಾಯಾರಿಕೆಯೂ ಇದೆ. 2023–24ರ ಬರದಲ್ಲಿ ಈ ಸೀಮೆಗೆ ನೀರುಣಿಸುವ ಲಾ ವಿನ್ಯುವೇಲಾ ಜಲಾಶಯ ಶೇ 10ಕ್ಕಿಂತ ಕೆಳಗಿಳಿಯಿತು. ರೈತರು ಮರಗಳನ್ನು ಉಳಿಸಿಕೊಳ್ಳಲು ಕೊಂಬೆಗಳನ್ನು ಕಡಿದರು, ಕೆಲವರು ಮರಗಳನ್ನೇ ಕಿತ್ತರು. ಮೊತ್ರಿಲ್ ಬಯಲಿನ ಮೇಲ್ಗಡೆ, ಗ್ವಾದಲ್ಫೇಯೊ ನದಿಗೆ ಅಡ್ಡಲಾಗಿ ರೂಲೆಸ್ ಅಣೆಕಟ್ಟು 2004ರ ಹೊತ್ತಿಗೆ ಎದ್ದು ನಿಂತಿತ್ತು. ಅಲ್ಲಿಂದ ತೋಟಗಳಿಗೆ ನೀರು ಹಂಚುವ ಪೈಪುಗಳ ಜಾಲ ಮಾತ್ರ ಎರಡು ದಶಕ ಕಳೆದರೂ ಪೂರ್ತಿಯಾಗಲಿಲ್ಲ. ಕಣ್ಣೆದುರು ತುಂಬಿದ ಕೆರೆ, ಪಕ್ಕದಲ್ಲೇ ಒಣಗುವ ತೋಟ. ಈ ನೋವು ಕಾವೇರಿ ಸೀಮೆಯ ಎಂಜಿನಿಯರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹಿಮದ ನೀರನ್ನು ಬೆಟ್ಟಕ್ಕೇ ಕುಡಿಸುವವರು

ಮೊತ್ರಿಲ್‌ನಿಂದ ಎ-44 ರಸ್ತೆ ಉತ್ತರಕ್ಕೆ ತಿರುಗಿ ನೇರ ಗ್ರನಾಡಾಕ್ಕೆ ಹೋಗುತ್ತದೆ. ಅದನ್ನು ಬಿಟ್ಟು ಬಲಕ್ಕೆ ಹೊರಳಿದರೆ ಲನ್‌ಹರೋನ್. ಸ್ಪೇನ್‌ನ ಯಾವ ಅಂಗಡಿಗೆ ಹೋದರೂ ಈ ಊರಿನ ಹೆಸರು ಹೊತ್ತ ಖನಿಜ ನೀರಿನ ಬಾಟಲಿ ಸಿಗುತ್ತದೆ. ಜೂನ್ 23ರ ರಾತ್ರಿ, ಸಂತ ಹುವಾನ್ ಹಬ್ಬದಂದು, ಊರಿಗೆ ಊರೇ ಬೀದಿಗಿಳಿದು ಒಬ್ಬರ ಮೇಲೊಬ್ಬರು ಕೊಡಗಟ್ಟಲೆ ನೀರು ಎರಚಿಕೊಳ್ಳುತ್ತದೆ. ಇಲ್ಲಿಂದ ಮುಂದಿನ ಬೆಟ್ಟದ ಸಾಲಿಗೆ ಅಲ್‌ಪುಹಾರಾ ಎಂದು ಹೆಸರು. ಮುಲಾಸೆನ್ ಶಿಖರವಿರುವ ಸಿಯೆರಾ ನೆವಾಡಾ ಪರ್ವತದ ದಕ್ಷಿಣ ಇಳಿಜಾರು ಇದು.

ರಸ್ತೆ ಹಾವಿನಂತೆ ಸುತ್ತುತ್ತದೆ. ಎದುರಿನಿಂದ ಬಸ್ಸು ಬಂದರೆ ಯಾರಾದರೊಬ್ಬರು ಹಿಂದಕ್ಕೆ ಸರಿಯಬೇಕು. “ನಿಧಾನ ಕಣೇ, ನಮಗೇನು ಆತುರ” ಎಂದು ಗಂಡ ಹೇಳುವುದು, “ನೀವು ನಕ್ಷೆ ನೋಡ್ರಿ, ರಸ್ತೆ ನಾನು ನೋಡ್ತೀನಿ” ಎಂದು ಹೆಂಡತಿ ಗೇರು ಬದಲಿಸುವುದು. ಪೊಕೇರಾ ಕೊರಕಲಿನ ಗೋಡೆಗೆ ಒಂದರ ಮೇಲೊಂದಾಗಿ ಮೂರು ಹಳ್ಳಿಗಳು: ಪಂಪನೇರಾ, ಬುಬಿಯೋನ್, ಕಪಿಲೇರಾ. ಕರಾವಳಿಯ ಮನೆಗಳಿಗೆ ಹೆಂಚಿನ ಮಾಡಿದ್ದರೆ ಇಲ್ಲಿ ಚಪ್ಪಟೆ ಮಾಳಿಗೆ. ಮರದ ತೊಲೆ, ಅದರ ಮೇಲೆ ಕಲ್ಲುಚಪ್ಪಡಿ, ಅದರ ಮೇಲೆ ಲೌನಾ ಎಂಬ ಬೂದು ಜೇಡಿ. ಮೇಲಿನ ಮನೆಯ ಅಂಗಳದಿಂದ ಕೈ ಚಾಚಿದರೆ ಕೆಳಗಿನ ಮನೆಯ ಮಾಳಿಗೆ. ಉತ್ತರ ಆಫ್ರಿಕಾದ ಬೆಟ್ಟದ ಊರುಗಳಲ್ಲೂ ಮನೆ ಕಟ್ಟುವ ರೀತಿ ಹೀಗೇ ಇದೆ.

ಎಲ್ಲಿ ನಿಂತರೂ ನೀರಿನ ಸದ್ದು. ಬೀದಿಯ ನಡುವೆ, ಮನೆಯ ಬುಡದಲ್ಲಿ, ಚೆಸ್ಟ್‌ನಟ್ ಮರಗಳ ನೆರಳಲ್ಲಿ ನಾಲೆಗಳು ಹರಿಯುತ್ತವೆ. ಸ್ಪೇನಿನವರು ಇವಕ್ಕೆ ಅಸೇಕಿಯಾ ಎನ್ನುತ್ತಾರೆ. ಇವುಗಳಲ್ಲಿ ಎರಡು ಬಗೆ. ಒಂದು, ನೇರ ಹೊಲಕ್ಕೆ ನೀರು ಒಯ್ಯುವ ನಾಲೆ. ಇನ್ನೊಂದು ಅಪರೂಪದ್ದು. ವಸಂತದಲ್ಲಿ ಹಿಮ ಕರಗಿ ಹೊಳೆಗಳು ಉಕ್ಕುವಾಗ, ಆ ನೀರು ವ್ಯರ್ಥವಾಗಿ ಕಡಲು ಸೇರದಂತೆ ಬೆಟ್ಟದ ನೆತ್ತಿಯಲ್ಲೇ ಅದನ್ನು ತಿರುಗಿಸಿ, ಸಡಿಲ ಮಣ್ಣಿರುವ ಕಡೆ ಹರಿಬಿಡುತ್ತಾರೆ. ಬೆಟ್ಟ ಆ ನೀರನ್ನು ಕುಡಿದುಕೊಳ್ಳುತ್ತದೆ. ಒಳಗೊಳಗೆ ನಿಧಾನವಾಗಿ ಇಳಿದ ನೀರು ವಾರಗಳು, ತಿಂಗಳುಗಳು ಕಳೆದು, ಬಿರುಬೇಸಿಗೆಯಲ್ಲಿ, ಕೆಳಗಿನ ಹಳ್ಳಿಗಳ ಒರತೆಗಳಲ್ಲಿ ಮೇಲೇಳುತ್ತದೆ. ಸಿಮೆಂಟಿಲ್ಲ, ಪಂಪಿಲ್ಲ, ವಿದ್ಯುತ್ತಿಲ್ಲ. ಮುಸ್ಲಿಂ ಆಳ್ವಿಕೆಯ ಕಾಲದಲ್ಲಿ ತೋಡಿದ ಈ ಜಾಲವೇ ಅಲ್‌ಪುಹಾರಾವನ್ನು ಇಂದಿಗೂ ಹಸಿರಾಗಿ ಇಟ್ಟಿದೆ.

ಮೊರಿಸ್ಕೊಗಳನ್ನು 1570ರ ನಂತರ ಈ ಬೆಟ್ಟಗಳಿಂದ ಹೊರಗಟ್ಟಿದರು. 1609ರಲ್ಲಿ ಸ್ಪೇನ್‌ನಿಂದಲೇ ಅವರ ಗಡೀಪಾರು ಶುರುವಾಯಿತು. ಅವರ ಜಾಗಕ್ಕೆ ಉತ್ತರದ ಪ್ರಾಂತ್ಯಗಳಿಂದ ಜನರನ್ನು ಕರೆತಂದು ನೆಲೆಗೊಳಿಸಿದರು. ಹೊಸಬರಿಗೆ ನಾಲೆಗಳ ಮರ್ಮ ತಿಳಿಸಿಕೊಡಲು ಹಳ್ಳಿಗೆ ಒಂದೆರಡು ಮೊರಿಸ್ಕೊ ಕುಟುಂಬಗಳನ್ನು ಉಳಿಸಿಕೊಂಡರೆಂಬ ಕಥೆ ಇಲ್ಲಿ ಪ್ರಚಲಿತ. ಇವತ್ತು ಅದೇ ವಿದ್ಯೆ ಮತ್ತೆ ಅಪಾಯದಲ್ಲಿದೆ. ಯುವಕರು ಕರಾವಳಿಯ ಹೋಟೆಲುಗಳಿಗೆ, ನಗರಗಳಿಗೆ ಇಳಿದುಹೋದರು. ನಾಲೆಗಳ ಹೂಳು ತೆಗೆಯುವವರಿಲ್ಲದೆ ಎಷ್ಟೋ ಕಡೆ ನೀರು ನಿಂತಿತು. 2014ರಲ್ಲಿ ಗ್ರನಾಡಾ ವಿಶ್ವವಿದ್ಯಾಲಯದ ಪುರಾತತ್ತ್ವ ಸಂಶೋಧಕರು ಕಾನ್ಯಾರ್ ಎಂಬ ಪುಟ್ಟ ಹಳ್ಳಿಯ ರೈತರು ಮತ್ತು ಸ್ವಯಂಸೇವಕರ ಜೊತೆ ಸೇರಿ, ದಶಕಗಳಿಂದ ಬತ್ತಿದ್ದ ನಾಲೆಯೊಂದನ್ನು ಗುದ್ದಲಿ ಹಿಡಿದು ಬಿಡಿಸಿದರು. ಅಲ್ಲಿಂದೀಚೆಗೆ ಒಂದೊಂದೇ ಹಳ್ಳಿಯಲ್ಲಿ ಈ ಕೆಲಸ ನಡೆಯುತ್ತಿದೆ. ಸರದಿ ನೋಡಿ ತೂಬು ತೆಗೆಯುವ ನೀರಗಂಟಿಗಳು ಈ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತಿಗೆ ಊರು ಬೆಲೆ ಕೊಡುತ್ತದೆ. ಇಡೀ ಪ್ರಯಾಣದಲ್ಲಿ ಅತ್ಯಂತ ಅಮೂಲ್ಯವಾದ ನೋಟ ಯಾವುದೆಂದು ಕೇಳಿದರೆ ಉತ್ತರ ಇದೇ. ಅರಮನೆಗಳ ಸರದಿ ಆಮೇಲಿನದು.

ಈ ದಾರಿಯಲ್ಲಿ ಇನ್ನೊಂದು ಜೋಡಿ ನೂರು ವರ್ಷದ ಹಿಂದೆ ನಡೆದುಹೋಗಿದೆ. ಇಂಗ್ಲಿಷ್ ಬರಹಗಾರ ಜೆರಾಲ್ಡ್ ಬ್ರೆನನ್ 1920ರಲ್ಲಿ ಪೂರ್ವ ಅಲ್‌ಪುಹಾರಾದ ಯೆಹೆನ್ ಹಳ್ಳಿಯಲ್ಲಿ ಮನೆ ಮಾಡಿದ. 1923ರ ವಸಂತದಲ್ಲಿ ಅವನನ್ನು ನೋಡಲು ಬಂದವರು ವರ್ಜೀನಿಯಾ ವುಲ್ಫ್ ಮತ್ತು ಆಕೆಯ ಗಂಡ ಲಿಯೊನಾರ್ಡ್. ಆಗ ಈ ಬೆಟ್ಟಗಳಲ್ಲಿ ಮುಂದೆ ಸಾಗಲು ಹೇಸರಗತ್ತೆಯೇ ಗತಿ. ಆ ಹಳ್ಳಿಯ ಬದುಕನ್ನು ಬ್ರೆನನ್ 1957ರಲ್ಲಿ ‘ಸೌತ್ ಫ್ರಂ ಗ್ರನಾಡಾ’ ಎಂಬ ಪುಸ್ತಕವಾಗಿ ಬರೆದ. ಅವನು ಇದ್ದ ಮನೆಯನ್ನು ಊರವರು ಇಂದಿಗೂ ತೋರಿಸುತ್ತಾರೆ.

ಕರ್ನಾಟಕಕ್ಕೂ ಈ ಬೆಟ್ಟಕ್ಕೂ ಒಂದು ನೇರ ನಂಟಿದೆ. ಓರ್ಹಿವಾ ಪಟ್ಟಣದ ಮೇಲ್ಗಡೆ, ಸೊಪೊರ್ತೂಹಾರ್ ಸರಹದ್ದಿನಲ್ಲಿ ಓ ಸೆಲ್ ಲಿಂಗ್ ಎಂಬ ಟಿಬೆಟನ್ ಬೌದ್ಧ ಸಾಧನಾ ಕೇಂದ್ರವಿದೆ. 1982ರಲ್ಲಿ ದಲೈ ಲಾಮಾ ಇಲ್ಲಿಗೆ ಬಂದಿದ್ದರು. ಇದರ ಸ್ಥಾಪನೆಗೆ ಕಾರಣರಾದ ಲಾಮಾ ಥುಬ್ತೆನ್ ಯೇಶೆ 1984ರಲ್ಲಿ ತೀರಿಕೊಂಡರು. ಮರುವರ್ಷ ಇಲ್ಲಿನ ಸ್ಪ್ಯಾನಿಷ್ ದಂಪತಿಗೆ ಹುಟ್ಟಿದ ಓಸೆಲ್ ಹೀಟಾ ಎಂಬ ಮಗುವನ್ನು ಅವರ ಪುನರವತಾರ ಎಂದು ಗುರುತಿಸಲಾಯಿತು. ಆ ಹುಡುಗ ಬೆಳೆದು ಓದಿದ್ದು ನಮ್ಮ ಬೈಲಕುಪ್ಪೆಯ ಸೆರಾ ಜೇ ಮಠದಲ್ಲಿ. ದೊಡ್ಡವರಾದ ಮೇಲೆ ಅವರು ಸನ್ಯಾಸ ಬಿಟ್ಟು ಗೃಹಸ್ಥರ ಬದುಕನ್ನು ಆರಿಸಿಕೊಂಡರು. ಅಲ್‌ಪುಹಾರಾದಲ್ಲಿ ನಿಂತು ಪಿರಿಯಾಪಟ್ಟಣ ತಾಲ್ಲೂಕಿನ ಹೆಸರು ನೆನೆಯುವ ಪ್ರಸಂಗ ಬರುವುದು ಹೀಗೆ.

ಗ್ರನಾಡಾ: ನೀರೇ ಕಟ್ಟಿದ ಅರಮನೆ

ಗ್ರನಾಡಾ ಸೇರಿದ ಮೇಲೆ ಕಾರಿಗೆ ವಿಶ್ರಾಂತಿ. ಹಳೆಯ ಅಲ್ಬೈಸೀನ್ ಬಡಾವಣೆಯ ಓಣಿಗಳಲ್ಲಿ ಹೊರಗಿನವರ ವಾಹನಗಳಿಗೆ ನಿರ್ಬಂಧವಿದೆ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದು ದಂಡ ಕಳಿಸುತ್ತದೆ. ಊರ ಹೊರಗಿನ ಪಾರ್ಕಿಂಗಿನಲ್ಲಿ ಬಿಟ್ಟು ನಡೆಯುವುದು ಲೇಸು.

ಅಲ್‌ಹಂಬ್ರಾ ಅರಮನೆಯ ಸೊಬಗನ್ನು ವರ್ಣಿಸಿದವರು ಬಹಳ. ಅದರ ಬೆನ್ನೆಲುಬಾದ ನಾಲೆಯನ್ನು ಕಂಡವರು ಕಡಿಮೆ. 1238ರಲ್ಲಿ ಇಲ್ಲಿ ಕೋಟೆ ಕಟ್ಟಲು ಹೊರಟ ಸುಲ್ತಾನ ಒಂದನೇ ಮುಹಮ್ಮದ್ ಮೊದಲು ಮಾಡಿಸಿದ ಕೆಲಸ, ಸುಮಾರು ಆರು ಕಿ.ಮೀ. ಮೇಲೆ ದಾರೊ ಹೊಳೆಗೆ ಒಡ್ಡು ಹಾಕಿ ಗುಡ್ಡದ ಮೈಮೇಲೆ ನಾಲೆ ಎಳೆದದ್ದು. ಒಣಗುಡ್ಡದ ನೆತ್ತಿಗೆ ನೀರು ಬಂದ ಮೇಲೆಯೇ ಹೆನೆರಾಲೀಫೆಯ ತೋಟಗಳು, ಕೊಳಗಳು, 12 ಸಿಂಹಗಳ ಬಾಯಿಂದ ಚಿಮ್ಮುವ ಕಾರಂಜಿ ಎಲ್ಲವೂ ಸಾಧ್ಯವಾದದ್ದು. ಮೆಟ್ಟಿಲಿನ ಕೈಹಿಡಿಯಲ್ಲೂ ನೀರು ಹರಿಸಿದ್ದಾರೆ. 1492ರ ಜನವರಿ 2ರಂದು ಕೊನೆಯ ಸುಲ್ತಾನ ಬೊಅಬ್ದಿಲ್ ಈ ಕೋಟೆಯ ಬೀಗದ ಕೈಯನ್ನು ಇಸಾಬೆಲ್ ಮತ್ತು ಫರ್ನಾಂದೊ ದಂಪತಿಗೆ ಒಪ್ಪಿಸಿದ. ಅದೇ ವರ್ಷ ಅವರ ಹಣದಲ್ಲಿ ಕೊಲಂಬಸ್ ಹಡಗು ಹತ್ತಿದ. ಆ ರಾಜದಂಪತಿಯ ಸಮಾಧಿ ಊರ ನಡುವಿನ ರಾಯಲ್ ಚಾಪೆಲ್‌ನಲ್ಲಿದೆ.

ಸಸ್ಯಾಹಾರಿಗಳಿಗೆ ಗ್ರನಾಡಾ ಕಷ್ಟದ ಊರಲ್ಲ. ಇಲ್ಲಿ ಪಾನೀಯ ತೆಗೆದುಕೊಂಡರೆ ಜೊತೆಗೊಂದು ಸಣ್ಣ ತಟ್ಟೆ ತಿಂಡಿ ಪುಕ್ಕಟೆ. ಆಲೂಗಡ್ಡೆ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿಯನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಪಲ್ಯ, ಬಾದಾಮಿ-ಬೆಳ್ಳುಳ್ಳಿ ಅರೆದ ತಣ್ಣನೆಯ ಸೂಪು, ಟೊಮೆಟೊದ ಗಸ್ಪಾಚೊ ಎಲ್ಲ ಕಡೆ ಸಿಗುತ್ತವೆ. ಮೇಲೆ ಹಂದಿಮಾಂಸದ ಚೂರು ಉದುರಿಸುವ ರೂಢಿ ಇರುವುದರಿಂದ “ಸಿನ್ ಹಾಮೊನ್” ಎಂದು ಮೊದಲೇ ಹೇಳಿಬಿಡಬೇಕು. ರಾತ್ರಿ ಒಂಬತ್ತಕ್ಕೆ ಮೊದಲು ಅಡುಗೆಮನೆ ತೆರೆಯದ ಹೋಟೆಲುಗಳೇ ಹೆಚ್ಚು.

ಗುಹೆ, ಮರಳು, ಪ್ಲಾಸ್ಟಿಕ್

ಗ್ರನಾಡಾದಿಂದ ಎ-92 ಹಿಡಿದು ಪೂರ್ವಕ್ಕೆ ಒಂದು ಗಂಟೆಯೊಳಗೆ ಗ್ವಾದಿಕ್ಸ್. ಹಿಮದ ಬೆಟ್ಟದ ಬೆನ್ನಿನ ಸೀಮೆ ಇದು. ಹಸಿರು ಮುಗಿದು ಕೆಂಪು ಮಣ್ಣಿನ ದಿಬ್ಬಗಳು ಶುರು. ಆ ದಿಬ್ಬಗಳನ್ನು ಕೊರೆದು ಮಾಡಿದ ಸುಮಾರು 2,000 ಗುಹೆಮನೆಗಳು ಊರಿನಲ್ಲಿವೆ. ನೆಲದಿಂದ ಬಿಳಿಯ ಹೊಗೆಗೂಡುಗಳು ಮಾತ್ರ ಎದ್ದು ಕಾಣುತ್ತವೆ. ಹೊರಗೆ ಬೇಸಿಗೆ 40 ಡಿಗ್ರಿ ಸುಡಲಿ, ಚಳಿಗಾಲದಲ್ಲಿ ಮಂಜು ಬೀಳಲಿ, ಒಳಗೆ ವರ್ಷವಿಡೀ 18ರಿಂದ 20 ಡಿಗ್ರಿ. ಬಾಡಿಗೆಗೆ ಸಿಗುವ ಗುಹೆಯೊಂದರಲ್ಲಿ ಮಲಗಿ ಎದ್ದರೆ ಫ್ಯಾನು, ಹೀಟರು ಇಲ್ಲದ ಮನೆ ಹೇಗಿರಬಹುದೆಂದು ಮೈಗೇ ತಿಳಿಯುತ್ತದೆ.

ಮುಂದೆ ತಬೆರ್ನಾಸ್. ಬೆಟ್ಟಗಳು ಮಳೆಮೋಡಗಳನ್ನು ತಡೆದು ನಿಲ್ಲಿಸುವುದರಿಂದ ಇಲ್ಲಿ ನೆಲ ಬಿರಿದಿದೆ. ಸೆರ್ಜಿಯೊ ಲಿಯೋನೆ ತನ್ನ ಕೌಬಾಯ್ ಚಿತ್ರಗಳಿಗೆ ಅಮೆರಿಕವನ್ನು ಕಂಡುಕೊಂಡದ್ದು ಈ ಕೊರಕಲುಗಳಲ್ಲಿ. 1966ರ ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ಯ ಹಲವು ದೃಶ್ಯಗಳು ಈ ಸೀಮೆಯವು. ಅದಕ್ಕೂ ಮೊದಲು ‘ಲಾರೆನ್ಸ್ ಆಫ್ ಅರೇಬಿಯಾ’ದ ಕೆಲವು ಭಾಗ ಅಲ್ಮೆರಿಯಾ ಪ್ರಾಂತ್ಯದಲ್ಲೇ ಚಿತ್ರೀಕರಣವಾಗಿತ್ತು. ಹಳೆಯ ಸೆಟ್ಟುಗಳು ಈಗ ಪ್ರವಾಸಿ ತಾಣಗಳಾಗಿವೆ.

ಅಲ್ಮೆರಿಯಾದಿಂದ ಪಶ್ಚಿಮಕ್ಕೆ, ಎಲ್ ಎಹೀದೊ ಕಡೆ ತಿರುಗಿದಾಗ ಕಡಲು ಯಾವುದು, ನೆಲ ಯಾವುದು ಎಂದು ಕ್ಷಣ ಗೊತ್ತಾಗುವುದಿಲ್ಲ. ಕಣ್ಣು ಹಾಯುವಷ್ಟು ದೂರ ಬಿಳಿಯ ಪ್ಲಾಸ್ಟಿಕ್ ಚಪ್ಪರಗಳು. ಪ್ರಾಂತ್ಯದಲ್ಲಿ ಇವು 30,000 ಹೆಕ್ಟೇರಿಗೂ ಹೆಚ್ಚು ಜಾಗ ಆವರಿಸಿವೆ. ಬಾಹ್ಯಾಕಾಶದಿಂದ ತೆಗೆದ ಚಿತ್ರಗಳಲ್ಲೂ ಬಿಳಿ ಮಚ್ಚೆಯಾಗಿ ಕಾಣುತ್ತವೆ. ಯುರೋಪಿಗೆ ಚಳಿಗಾಲದಲ್ಲಿ ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ಸೌತೆಕಾಯಿ ಹೋಗುವುದು ಇಲ್ಲಿಂದ. ಕಳೆದ ಶತಮಾನದ ಮಧ್ಯದವರೆಗೆ ಕಡುಬಡತನದ ಬಂಜರು ನೆಲವಾಗಿದ್ದ ಈ ಸೀಮೆ ಅಂತರ್ಜಲ ಎತ್ತಿ, ಮರಳು ಹಾಸಿ, ಪ್ಲಾಸ್ಟಿಕ್ ಹೊದಿಸಿ ಶ್ರೀಮಂತವಾಯಿತು. ಅದರ ಬೆಲೆಯನ್ನೂ ತೆತ್ತಿದೆ. ಅತಿಯಾಗಿ ಎತ್ತಿದ್ದರಿಂದ ಅಂತರ್ಜಲ ಕುಸಿದು, ಕಡಲ ಉಪ್ಪುನೀರು ಒಳನುಗ್ಗಿ, ಈಗ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕಗಳನ್ನು ಅವಲಂಬಿಸಬೇಕಾಗಿದೆ. ಚಪ್ಪರದ ಸೆಕೆಯಲ್ಲಿ ದುಡಿಯುವವರಲ್ಲಿ ಬಹುಪಾಲು ಮೊರಾಕ್ಕೊ ಮತ್ತು ಪಶ್ಚಿಮ ಆಫ್ರಿಕಾದಿಂದ ಬಂದ ವಲಸಿಗರು. ನೀಹಾರ್ ಸೀಮೆಯಲ್ಲಿ ಅವರಲ್ಲಿ ಎಷ್ಟೋ ಜನ ಹಲಗೆ, ಪ್ಲಾಸ್ಟಿಕ್ ಹೊದಿಸಿದ ಗುಡಿಸಲುಗಳಲ್ಲಿ ವಾಸಿಸುತ್ತಾರೆ. ಪ್ರವಾಸಿ ಕೈಪಿಡಿಗಳು ಈ ರಸ್ತೆಯನ್ನು ಬೇಗ ದಾಟಿಬಿಡಿ ಎನ್ನುತ್ತವೆ. ದಾಟಬಾರದು, ನಿಂತು ನೋಡಬೇಕು. ಮೇಲಿನ ಬೆಟ್ಟದಲ್ಲಿ ಮಣ್ಣಿಗೆ ನೀರು ಕುಡಿಸುವ ಜನ, ಕೆಳಗಿನ ಬಯಲಲ್ಲಿ ಮಣ್ಣಿನ ನೀರನ್ನು ಹೀರುವ ಯಂತ್ರ: ಇವೆರಡನ್ನೂ ಒಂದೇ ಪ್ರಯಾಣದಲ್ಲಿ ಕಂಡವರಿಗೆ ನೀರಿನ ಲೆಕ್ಕ ಅರ್ಥವಾಗುತ್ತದೆ.

ಅಲ್ಮೆರಿಯಾ ನಗರದ ಪೂರ್ವಕ್ಕೆ ಕಾಬೊ ದೆ ಗಾತಾ ಎಂಬ ಕಡಲಂಚಿನ ಸೀಮೆ ಇದೆ. 1987ರಿಂದ ಸಂರಕ್ಷಿತ ಪ್ರದೇಶವಾದ್ದರಿಂದ ಹೋಟೆಲು ಗೋಡೆಗಳು ಎದ್ದಿಲ್ಲ. ಜ್ವಾಲಾಮುಖಿ ಬಂಡೆಗಳ ನಡುವೆ ಖಾಲಿ ದಂಡೆಗಳು, ಉಪ್ಪಿನ ಗದ್ದೆಗಳಲ್ಲಿ ರಾಜಹಂಸಗಳು. ಒಳಗಿನ ಬಯಲಲ್ಲಿ ಪಾಳು ಬಿದ್ದ ಒಂದು ತೋಟದ ಮನೆ ಇದೆ. ಅದರ ಸುತ್ತ 1928ರಲ್ಲಿ ನಡೆದ ಕೊಲೆಯ ಸುದ್ದಿಯೇ ಸ್ಪ್ಯಾನಿಷ್ ಕವಿ ಲೋರ್ಕಾನ ‘ರಕ್ತ ವಿವಾಹ’ ನಾಟಕಕ್ಕೆ ಮೂಲವಾಯಿತು.

ಹೊರಡುವವರಿಗೆ

ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಈ ಸುತ್ತಿಗೆ ತಕ್ಕ ಕಾಲ. ವಸಂತದಲ್ಲಿ ಹೋದರೆ ನಾಲೆಗಳು ತುಂಬಿರುತ್ತವೆ. ಷೆಂಗೆನ್ ವೀಸಾ ಜೊತೆಗೆ ನಮ್ಮ ಆರ್‌ಟಿಒದಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಮೂಲ ಪರವಾನಗಿಯೂ ಕೈಯಲ್ಲಿರಬೇಕು. ಅಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ. ಹೆದ್ದಾರಿಯಲ್ಲಿ 120, ಸಾಧಾರಣ ರಸ್ತೆಯಲ್ಲಿ 90, ಊರೊಳಗಿನ ಬಹುತೇಕ ಬೀದಿಗಳಲ್ಲಿ 30 ಕಿ.ಮೀ. ವೇಗದ ಮಿತಿ. ನೀಲಿ ಗೆರೆ ಎಳೆದ ಕಡೆ ಪಾರ್ಕಿಂಗಿಗೆ ಹಣ ಕಟ್ಟಬೇಕು. ಬಾಡಿಗೆ ಕಾರುಗಳಲ್ಲಿ ಕೈಗೇರಿನವೇ ಹೆಚ್ಚು. ಆಟೊಮ್ಯಾಟಿಕ್ ಬೇಕಿದ್ದರೆ ಮೊದಲೇ ಕಾಯ್ದಿರಿಸಬೇಕು. ಅಲ್‌ಹಂಬ್ರಾದ ಟಿಕೆಟಿಗೆ ದಿನದ ಮಿತಿ ಇದೆ, ಅದರೊಳಗಿನ ನಸ್ರಿದ್ ಅರಮನೆಗೆ ಗೊತ್ತಾದ ಗಳಿಗೆ ಇದೆ. ಆದ್ದರಿಂದ ವಿಮಾನದ ಟಿಕೆಟ್ ಮಾಡಿದ ಕೂಡಲೇ ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ಅದನ್ನೂ ಮಾಡಿಸಿಕೊಳ್ಳಿ.

ಕೊನೆಗೊಂದು ಮನವಿ. ನಿಮ್ಮ ರಾತ್ರಿಗಳಲ್ಲಿ ಅರ್ಧದಷ್ಟನ್ನಾದರೂ ಒಳನಾಡಿನ ಹಳ್ಳಿಗಳಿಗೆ ಕೊಡಿ. ಕಪಿಲೇರಾದ ಮನೆಯಲ್ಲೋ ಗ್ವಾದಿಕ್ಸ್‌ನ ಗುಹೆಯಲ್ಲೋ ತಂಗಿ, ಊಟ ಅಲ್ಲೇ ಮಾಡಿ, ಜೇನು, ಬಾದಾಮಿ, ಕೈಮಗ್ಗದ ಜಮಖಾನೆಯನ್ನು ಅಲ್ಲಿನ ಅಂಗಡಿಗಳಲ್ಲೇ ಕೊಳ್ಳಿ. ಆ ಹಳ್ಳಿಗಳಲ್ಲಿ ಜನ ಉಳಿದರೆ ಮಾತ್ರ ನಾಲೆಗಳ ಹೂಳು ತೆಗೆಯುವ ಕೈಗಳು ಉಳಿಯುತ್ತವೆ.